‘ಅಕ್ಕ ಬಂತು’ ಅಂದ ಹುಡುಗ ಎಲ್ಲಿ ತಪ್ಪಿದ?

ಮೇಷ್ಟ್ರಾಗಿ ನಾನು ಮೊದಲು ಹೋದದ್ದು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರಿನ, ಶಾಲೆಗೆ. ಎರಡನೇ ವಾರವೋ ಏನೋ, ಮೂರನೇ ತರಗತಿಯ ಹುಡುಗನೊಬ್ಬ ಬಾಗಿಲ ಕಡೆ ಕೈ ಮಾಡಿ, ‘ಸರ್, ಅಕ್ಕ ಬಂತು’ ಅಂದ. ‘ಬಂತು ಅಲ್ಲಪ್ಪಾ, ಬಂದಳು’ ಅಂದೆ. ‘ಹೂಂ ಸರ್, ಬಂದಳು’ ಅಂದ. ಮರುದಿನ ಮತ್ತೆ ‘ಅಕ್ಕ ಬಂತು’. ಹತ್ತು ಸಲ ಬರೆಸಿದೆ. ಹತ್ತೂ ಸಲ ಗುಂಡಗೆ, ಚೆಂದಾಗಿ ಬರೆದ. ಸಂಜೆ ಗಂಟೆ ಹೊಡೆದ ಮೇಲೆ ಗೇಟಿನ ಹತ್ತಿರ ನಿಂತು ಅದೇ ಮಾತು. ಇವನ ತಲೆಗೆ ಏನೂ ಹತ್ತುವುದಿಲ್ಲ ಅಂದುಕೊಂಡೆ.

ಹತ್ತದೇ ಇದ್ದದ್ದು ನನ್ನ ತಲೆಗೆ. ಅದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು.

ಆ ಹುಡುಗನ ಮನೆಮಾತು ತೆಲುಗು. ತೆಲುಗಿನಲ್ಲಿ ತಮ್ಮ ಬಂದರೆ ‘ತಮ್ಮುಡು ವಚ್ಚಾಡು’. ಅಕ್ಕ ಬಂದರೆ ‘ಅಕ್ಕ ವಚ್ಚಿಂದಿ’. ಬಸ್ಸು ಬಂದರೂ ‘ಬಸ್ಸು ವಚ್ಚಿಂದಿ’. ಅಂದರೆ ಒಬ್ಬಳೇ ಹೆಣ್ಣಿನ ಬಗ್ಗೆ ಮಾತಾಡುವಾಗ ಕ್ರಿಯಾಪದದ ಕೊನೆ ವಸ್ತುವಿಗೆ ಬರುವ ಹಾಗೆಯೇ ಬರುತ್ತದೆ. ಕನ್ನಡದಲ್ಲಿ ಬಂದನು, ಬಂದಳು, ಬಂತು ಎಂದು ಮೂರು ಗೂಡು. ತೆಲುಗಿನಲ್ಲಿ ಎರಡೇ. ಹುಡುಗ ತನ್ನ ಎರಡು ಗೂಡಿನ ಲೆಕ್ಕವನ್ನು ಕನ್ನಡಕ್ಕೆ ತಂದಿದ್ದ. ಅವನ ಮಾತು ಮನಬಂದಂತೆ ಮಾಡಿದ ತಪ್ಪಲ್ಲ, ನಿಯಮ ಇಟ್ಟುಕೊಂಡು ಮಾಡಿದ ತಪ್ಪು. ಅಲ್ಲದೆ ನಾವೂ ‘ಮಗು ಬಂತು’ ಅನ್ನುತ್ತೇವೆ, ಅಲ್ವಾ? ನಮ್ಮ ಕಡೆ ಸಣ್ಣ ಹುಡುಗಿಯನ್ನು ‘ಅದು ಬಂತು’ ಅನ್ನುವುದೂ ಉಂಟು. ಅವನು ಅಂಥ ದೂರವೇನೂ ಹೋಗಿರಲಿಲ್ಲ.

ಒಂದಕ್ಕಿಂತ ಹೆಚ್ಚು ಭಾಷೆಯ ಮಕ್ಕಳಿಗೆ ಪಾಠ ಮಾಡಲು ಶಿಕ್ಷಕರನ್ನು ತಯಾರು ಮಾಡುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಹುಡುಗನಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರು ಐದು ಭಾಷೆ ಕಲಿಯಬೇಕು ಅಂತ ಜನ ತಿಳಿಯುತ್ತಾರೆ. ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಮಗುವಿನ ತಪ್ಪು ಯಾವ ಭಾಷೆಯ ದಾರಿಯಲ್ಲಿ ಬಂತು ಅಂತ ಕೇಳಿಸಿಕೊಳ್ಳುವ ಕಿವಿ ಬೇಕು. ಆ ಕಿವಿಯನ್ನು ತರಬೇತಿಯಲ್ಲಿ ಬೆಳೆಸಬಹುದು.

ಇನ್ನೊಂದೆರಡು ಉದಾಹರಣೆ ನೋಡಿ. ಉರ್ದು ಮನೆಯ ಮಗು ‘ಬಸ್ಸು ಬಂದ’ ಅನ್ನುತ್ತದೆ, ‘ಬಸ್ಸು ಬಂದಳು’ ಅಂತಲೂ ಅನ್ನುತ್ತದೆ. ಎರಡೂ ಕೇಳಿದ್ದೇನೆ. ಉರ್ದುವಿನಲ್ಲಿ ವಸ್ತುವಿಗೆ ಬೇರೆ ಗೂಡಿಲ್ಲ. ಕುರ್ಸಿ ಹೆಣ್ಣು, ಪಂಖಾ ಗಂಡು. ಎಲ್ಲವೂ ಎರಡರಲ್ಲಿ ಒಂದು ಕಡೆ ಕೂರಬೇಕು. ಹಾಗೆಯೇ ಉರ್ದುವಿನಲ್ಲಿ ‘ಳ’ ಇಲ್ಲ. ‘ನಮ್ಮ ಹಲ್ಲಿ ಬಹಳ ದೊಡ್ಡದು ಸರ್’ ಅಂದರೆ ಇಡೀ ತರಗತಿ ನಗುತ್ತದೆ. ಆ ಮಗು ಪಾಪ ತನ್ನ ಊರಿನ ಬಗ್ಗೆ ಹೇಳುತ್ತಿರುತ್ತದೆ. ಆರ್.ಎಚ್. ಕ್ಯಾಂಪಿನ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ, ಬಂಗಾಳಿ ಮಗು ವಿಮಾನವನ್ನು ‘ಬಿಮಾನ’ ಅಂದರೆ ನಾಲಿಗೆ ದಪ್ಪ ಅಂತಲ್ಲ. ಬಂಗಾಳಿಯಲ್ಲಿ ‘ವ’ ಅಕ್ಷರದ ಸದ್ದು ‘ಬ’ ಆಗಿಬಿಟ್ಟಿದೆ. ಅವನು, ಅವಳು ಅನ್ನುವ ವ್ಯತ್ಯಾಸವೂ ಆ ಭಾಷೆಯಲ್ಲಿಲ್ಲ, ಇಬ್ಬರಿಗೂ ಒಂದೇ ಪದ. ಹಾಗಾಗಿ ಆ ಮಗು ಅಕ್ಕನನ್ನು ‘ಅವನು’ ಅಂದರೆ ಗಾಬರಿ ಬೀಳಬೇಕಾಗಿಲ್ಲ.

ಹೀಗೆ ಮೂರು ಮನೆಯ ಮಕ್ಕಳು ಒಂದೇ ಜಾಗದಲ್ಲಿ, ಮೂರು ಬೇರೆ ಕಾರಣಕ್ಕೆ ಎಡವುತ್ತಾರೆ. ನಾನು ಮೂವರಿಗೂ ಒಂದೇ ಔಷಧ ಕೊಡುತ್ತಿದ್ದೆ: ಹತ್ತು ಸಲ ಬರಿ.

ನಮ್ಮ ಸೀಮೆಯಲ್ಲಿ ಇಷ್ಟು ಭಾಷೆ ಯಾಕೆ ಸೇರಿದವು ಅನ್ನುವುದಕ್ಕೆ ಇತಿಹಾಸ ಇದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. ದವಾಖಾನಿ, ಜಲ್ದಿ, ಖಾಲಿ ಅಂತ ಕನ್ನಡದ ಮಕ್ಕಳೇ ದಿನಾ ಉರ್ದು ಮಾತಾಡುತ್ತಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರಲ್ಲಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಕಡೆಗೆ ಹೋದವು. ಗೆರೆ ಎಳೆದದ್ದು ನೆಲದ ಮೇಲೆ. ಮನೆಗಳಲ್ಲಿ ಎರಡೂ ಭಾಷೆ ಉಳಿದವು. ತುಂಗಭದ್ರಾ ಕಾಲುವೆಗೆ ನೀರು ಬಂದದ್ದೂ ಆ ಹೊತ್ತಿನಲ್ಲೇ. ನೀರಿನ ಹಿಂದೆ ಆಂಧ್ರದ ರೈತರು ಬಂದು ಗಂಗಾವತಿ, ಕಾರಟಗಿ, ಸಿರುಗುಪ್ಪ, ಸಿಂಧನೂರು ಸುತ್ತ ಕ್ಯಾಂಪು ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರಿನ ಬಳಿ ನೆಲೆ ಸಿಕ್ಕಿತು. ತಾಂಡಾಗಳಲ್ಲಿ ಲಂಬಾಣಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಈಗ ಹಿಂದಿ, ಒಡಿಯಾ ಕೇಳುತ್ತದೆ. ಇದರ ಮೇಲೆ ಗುಳೆ. ಆರು ತಿಂಗಳು ಬೆಂಗಳೂರಲ್ಲೋ ಹೈದರಾಬಾದಲ್ಲೋ ಇದ್ದು ಬಂದ ಮಗುವಿನ ಬಾಯಲ್ಲಿ ಯಾವ ಭಾಷೆ ಎಷ್ಟು ಇರುತ್ತದೋ ಹೇಳಲಾಗದು.

ಲಂಬಾಣಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಅದಕ್ಕೆ ಸ್ವಂತ ಲಿಪಿ ಇಲ್ಲ. ಜನಗಣತಿಯಲ್ಲಿ ಅದನ್ನು ಹಿಂದಿಯ ಅಡಿಯಲ್ಲಿ ಸೇರಿಸಿ ಎಣಿಸುತ್ತಾರೆ. ಹಾಗಾಗಿ ಲಂಬಾಣಿ ಮಗುವಿಗೆ ಹಿಂದಿ ಬರುತ್ತದೆ ಅಂತ ಎಷ್ಟೋ ಶಿಕ್ಷಕರು ನಂಬಿದ್ದಾರೆ. ನೀರಿಗೆ ‘ಪಾಣಿ’ ಅನ್ನುವುದು ಕೇಳಿದರೆ ಹಾಗೆ ಅನಿಸುವುದು ಸಹಜ. ಅವ್ವನಿಗೆ ‘ಯಾಡಿ’ ಅನ್ನುವುದು ಕೇಳಿದಾಗ ಆ ನಂಬಿಕೆ ಸ್ವಲ್ಪ ಅಲುಗಾಡುತ್ತದೆ.

ಇನ್ನು ತಪ್ಪಿಗಿಂತ ದೊಡ್ಡ ವಿಷಯಕ್ಕೆ ಬರೋಣ. ಶಿಕ್ಷಕರು ಜಾಸ್ತಿ ಮೋಸ ಹೋಗುವುದು ಇಲ್ಲಿಯೇ. ಮಗು ಮೈದಾನದಲ್ಲಿ ಪಟಪಟ ಕನ್ನಡ ಮಾತಾಡುತ್ತದೆ. ಜಗಳ ಆಡುತ್ತದೆ, ಚಾಡಿ ಹೇಳುತ್ತದೆ, ಬಿಸಿಯೂಟದ ಸಾಲಿನಲ್ಲಿ ಇನ್ನೊಂದು ಸೌಟು ಕೇಳುತ್ತದೆ. ಒಳಗೆ ಬಂದು ಪರಿಸರ ಅಧ್ಯಯನದ ಪುಸ್ತಕ ತೆರೆದರೆ ಬಾಯಿ ಬಂದ್. ‘ಕನ್ನಡ ಚೆನ್ನಾಗಿ ಬರುತ್ತೆ, ಓದಲ್ಲ ಅಷ್ಟೆ, ಸೋಮಾರಿ’ ಅಂತ ನಾವು ತೀರ್ಪು ಕೊಡುತ್ತೇವೆ.

ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಈ ಗಂಟನ್ನು 1979ರಷ್ಟು ಹಿಂದೆಯೇ ಬಿಡಿಸಿದರು. ಒಂದೇ ಭಾಷೆಯಲ್ಲಿ ಎರಡು ಬಗೆ ಇರುತ್ತದೆ ಅಂದರು ಅವರು. ಒಂದು, ಎದುರಿಗೆ ಇರುವವರ ಜೊತೆ ಆಡುವ ಮಾತು. ಅಲ್ಲಿ ಕೈಸನ್ನೆ ಇದೆ, ಮುಖ ಇದೆ, ಕಣ್ಣ ಮುಂದೆ ವಸ್ತು ಇದೆ. ಎರಡನೆಯದು ಪಾಠದ ಭಾಷೆ. ಅಲ್ಲಿ ಬರಿ ಪದಗಳೇ ಎಲ್ಲ ಹೊರೆ ಹೊರಬೇಕು. ಮೊದಲನೆಯದನ್ನು ಹೊಸ ಭಾಷೆಗೆ ಬಂದ ಮಗು ಒಂದೆರಡು ವರ್ಷದಲ್ಲಿ ಹಿಡಿಯುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗಬಹುದು. ಅವರ ಲೆಕ್ಕ ಕೆನಡಾಕ್ಕೆ ವಲಸೆ ಬಂದ ಮಕ್ಕಳದು. ತಾಂಡಾಕ್ಕೆ ಅಕ್ಷರಶಃ ಅದೇ ಹೊಂದಬೇಕಾಗಿಲ್ಲ. ಆದರೆ ಮೈದಾನದ ಕನ್ನಡ ಬೇರೆ, ಪಾಠದ ಕನ್ನಡ ಬೇರೆ ಅನ್ನುವುದು ನಮ್ಮಲ್ಲೂ ಕಣ್ಣಿಗೆ ರಾಚುತ್ತದೆ.

ಗಣಿತದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘24 ಮಾವಿನಹಣ್ಣುಗಳನ್ನು 6 ಮಕ್ಕಳಿಗೆ ಸಮನಾಗಿ ಹಂಚಿದರೆ ತಲಾ ಎಷ್ಟು ಸಿಗುತ್ತವೆ?’ ಕೂತಿದ್ದ ಲಂಬಾಣಿ ಹುಡುಗಿಗೆ ಭಾಗಾಕಾರ ಗೊತ್ತಿತ್ತು. ‘ತಲಾ’ ಗೊತ್ತಿರಲಿಲ್ಲ. ತಲಾ ಅಂದರೆ ತಲೆ ಅಂತ ತಿಳಿದು, ಮಾವಿನಹಣ್ಣಿಗೂ ತಲೆಗೂ ಏನು ಸಂಬಂಧ ಅಂತ ಸುಮ್ನೆ ಕೂತಿದ್ದಳು. ಇದೇ ಲೆಕ್ಕವನ್ನು 24 ಹುಣಸೆಬೀಜ ಕೊಟ್ಟು ಮಾಡಿಸಿದರೆ ಅರ್ಧ ನಿಮಿಷದಲ್ಲಿ ಮುಗಿಸಿದಳು. ‘ಒಟ್ಟು’, ‘ಉಳಿದದ್ದು’, ‘ಗಿಂತ’, ‘ಇನ್ನೂ ಎಷ್ಟು ಬೇಕು’. ಲೆಕ್ಕ ತಪ್ಪುವುದು ಬಹಳ ಸಲ ಈ ನಾಲ್ಕೈದು ಪದಗಳಲ್ಲಿ. ಗಣಿತ ಹೇಳುವ ಶಿಕ್ಷಕರು ‘ಭಾಷೆ ನನ್ನ ವಿಷಯ ಅಲ್ಲ’ ಅನ್ನುತ್ತಾರೆ. ಅವರ ವಿಷಯದ ಅರ್ಧ ಭಾಷೆಯೇ.

ಸಂಖ್ಯೆಗಳ ಹೆಸರಲ್ಲೂ ಒಂದು ಸೂಕ್ಷ್ಮ ಇದೆ. ಕನ್ನಡದಲ್ಲಿ 25 ಅಂದರೆ ಇಪ್ಪತ್ತೈದು. ಇಪ್ಪತ್ತು, ಐದು ಅಂತ ಬಿಡಿಸಿಕೊಂಡು ಬರೆಯಬಹುದು. ತೆಲುಗಿನಲ್ಲೂ ಹಾಗೆಯೇ. ಉರ್ದುವಿನ ‘ಪಚ್ಚೀಸ್’ ಅನ್ನು ಹಾಗೆ ಬಿಡಿಸಲಾಗದು, ನೂರರವರೆಗೆ ಹೆಚ್ಚುಕಡಿಮೆ ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಅದರ ಮೇಲೆ 29ಕ್ಕೆ ‘ಉನ್ತೀಸ್’. ಅದರೊಳಗೆ ಮೂವತ್ತರ ‘ತೀಸ್’ ಕೇಳುತ್ತದೆ. 29 ಹೇಳಿದರೆ 39 ಬರೆದ ಮಗುವಿಗೆ ಕಿವಿ ಸರಿ ಇಲ್ಲ ಅಂತ ಹೇಳುವ ಮೊದಲು ಇದನ್ನು ನೆನೆಯಬೇಕು. ಇಂಥ ಮಗುವಿಗೆ ಕನ್ನಡದ ಎಣಿಕೆ ಹೊರೆಯಲ್ಲ, ವರ. ತೋರಿಸಿಕೊಡುವವರು ಬೇಕು ಅಷ್ಟೆ.

ಎರಡು ಭಾಷೆ ಒಟ್ಟಿಗೆ ತುಂಬಿದರೆ ಮಗುವಿನ ತಲೆ ಕಲಸಿಹೋಗುತ್ತದೆ ಅನ್ನುವ ಭಯ ಹಳೆಯದು. ಒಂದು ಕಾಲಕ್ಕೆ ವಿದ್ವಾಂಸರೂ ಹಾಗೇ ನಂಬಿದ್ದರು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳೇ ಮುಂದಿದ್ದರು. ಆಮೇಲೆ ಬಂದ ಅಧ್ಯಯನಗಳು ಅಷ್ಟು ದೊಡ್ಡ ಲಾಭ ಎಲ್ಲ ಕಡೆ ಕಾಣಲಿಲ್ಲ ಅನ್ನುತ್ತವೆ, ಅದು ಬೇರೆ ಚರ್ಚೆ. ತಲೆ ಕೆಡುತ್ತದೆ ಅನ್ನುವ ಮಾತಿಗಂತೂ ಆಧಾರ ಉಳಿಯಲಿಲ್ಲ. ಕಮಿನ್ಸ್ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೊಡ ಎರಡು, ಬಾವಿ ಒಂದೇ. ಮನೆಮಾತಿನಲ್ಲಿ ಒಂದು ಸಲ ಓದುವುದು ಅಂದರೇನು, ಕಾರಣ ಕೊಡುವುದು ಅಂದರೇನು ಅಂತ ಗೊತ್ತಾದರೆ, ಕನ್ನಡದಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಪದ ಕಲಿತರೆ ಸಾಕು.

ಅದಕ್ಕೇ ‘ಮನೇಲೂ ಕನ್ನಡಾನೇ ಮಾತಾಡ್ರೀ’ ಅಂತ ಪೋಷಕರ ಸಭೆಯಲ್ಲಿ ಹೇಳುವುದು ಒಳ್ಳೆಯ ಸಲಹೆ ಅಲ್ಲ. ನಾನೂ ಹೇಳಿದ್ದೇನೆ. ಅರ್ಧಂಬರ್ಧ ಕನ್ನಡ ಬರುವ ತಾಯಿ ಆ ಮಾತು ಕೇಳಿ ಮಗುವಿನ ಜೊತೆ ಕತೆ ಹೇಳುವುದನ್ನೇ ಬಿಟ್ಟಳು. ‘ಬಾ’, ‘ಉಣ್ಣು’, ‘ಮಲಗು’ ಇಷ್ಟೇ ಉಳಿಯಿತು. ಬಾವಿಯೇ ಬತ್ತಿದ ಹಾಗೆ.

ಈಗ ತರಬೇತಿಯ ಮಾತು. ನಾನು ಡಿ.ಎಡ್. ಮಾಡಿದ ಕಡೆ ಭಾಷಾ ಬೋಧನೆ ಅಂದರೆ ಕಪ್ಪುಹಲಗೆಯ ಮೇಲೆ ಪೀಠಿಕೆ, ಹೊಸ ಪದ, ಮೌನವಾಚನ, ಮೌಲ್ಯಮಾಪನ. ಪಾಠಯೋಜನೆಯ ಪುಸ್ತಕ ಚೆಂದಾಗಿತ್ತು, ಅಂಚಿಗೆ ಕೆಂಪು ಗೆರೆ ಬೇರೆ. ತರಗತಿಯ ಎಲ್ಲ ಮಕ್ಕಳೂ ಕನ್ನಡದವರು ಅನ್ನುವುದು ಯಾರೂ ಹೇಳದೆ ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು. ಬೋಧನಾಭ್ಯಾಸಕ್ಕೆ ಕಳಿಸಿದ್ದು ಊರೊಳಗಿನ ಶಾಲೆಗೆ. ಮೂರು ಮೈಲಿ ಆಚೆ ತಾಂಡಾ ಇತ್ತು. ಅಲ್ಲಿಗೆ ಒಬ್ಬರೂ ಹೋಗಲಿಲ್ಲ.

ಕಾಗದದ ಮೇಲೆ ಈಗ ಪರಿಸ್ಥಿತಿ ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುತ್ತದೆ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳಲ್ಲಿ ಬಿ.ಎಡ್. ಎರಡು ವರ್ಷದ್ದಾಯಿತು, ಎಲ್ಲ ವಿಷಯಗಳ ಪಾಠದಲ್ಲೂ ಭಾಷೆಯ ಪಾತ್ರ ಏನು ಅನ್ನುವ ಪತ್ರಿಕೆಯೂ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅನ್ನುತ್ತದೆ. ಒಳ್ಳೆಯದೇ. ಆದರೆ ಒಂದೇ ಕೋಣೆಯಲ್ಲಿ ತೆಲುಗು, ಲಂಬಾಣಿ, ಉರ್ದು, ಕನ್ನಡ ನಾಲ್ಕೂ ಇರುವಾಗ ಯಾವ ಮನೆಯ ಮಾತು? ಒಡಿಶಾದಲ್ಲಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪುಸ್ತಕ ಮಾಡಿ, ಆಯಾ ಭಾಷೆ ಬಲ್ಲ ಶಿಕ್ಷಕರನ್ನು ಇಟ್ಟರು. ಅಲ್ಲಿ ಹಳ್ಳಿಗೊಂದು ಭಾಷೆ ಇರುವ ಕಡೆ ಅದು ನಡೆಯುತ್ತದೆ. ನಮ್ಮ ತಾಂಡಾಗಳಲ್ಲೂ ನಡೆಯಬಹುದು. ಗಂಗಾವತಿಯ ಸುತ್ತಿನ ಕಲಬೆರಕೆ ತರಗತಿಗೆ ಬೇರೆ ದಾರಿ ಬೇಕು.

ಆ ದಾರಿಯಲ್ಲಿ ಮೊದಲು ಮಾಡಬೇಕಾದ್ದು ತೀರಾ ಸಣ್ಣ ಕೆಲಸ. ಜೂನ್ ತಿಂಗಳಲ್ಲಿ ಒಂದು ಹಾಳೆ ತೆಗೆದುಕೊಂಡು ಪ್ರತಿ ಮಗುವಿನ ಹೆಸರಿನ ಮುಂದೆ ಬರೆದುಕೊಳ್ಳುವುದು: ಅವ್ವನ ಜೊತೆ ಯಾವ ಮಾತು, ಅಜ್ಜಿಯ ಜೊತೆ ಯಾವುದು, ಓಣಿಯಲ್ಲಿ ಯಾವುದು, ಗುಳೆ ಹೋಗಿ ಬಂದಿದೆಯಾ, ಎಲ್ಲಿಗೆ. ಹಾಜರಿ ಪುಸ್ತಕದ ‘ಮಾತೃಭಾಷೆ’ ಕಾಲಂ ನಂಬಬೇಡಿ. ಅಲ್ಲಿ ಬಹಳ ಸಲ ಎಲ್ಲರಿಗೂ ‘ಕನ್ನಡ’ ಅಂತ ಒಂದೇ ಕೈಬರಹದಲ್ಲಿ ಇರುತ್ತದೆ.

ಎರಡನೆಯದು ತಪ್ಪಿನ ಪುಸ್ತಕ. ಕೆಂಪು ಶಾಯಿಯಲ್ಲಿ ತಿದ್ದುವ ಮೊದಲು ತಪ್ಪನ್ನು ಹಾಗೇ ಬರೆದುಕೊಳ್ಳಿ, ಮಗುವಿನ ಮನೆಮಾತಿನ ಜೊತೆ. ಒಂದು ತಿಂಗಳಿಗೆ ತಪ್ಪುಗಳು ತಾವೇ ಗುಂಪು ಕಟ್ಟಿಕೊಳ್ಳುತ್ತವೆ. ‘ಅಕ್ಕ ಬಂತು’ ಎಲ್ಲ ಒಂದು ಕಡೆ, ‘ಹಲ್ಲಿ’ ಎಲ್ಲ ಒಂದು ಕಡೆ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹತ್ತು ಶಾಲೆಯವರು ಈ ಪುಸ್ತಕ ತಂದರೆ ಅದೇ ತರಬೇತಿ. ಹೊರಗಿನಿಂದ ಬಂದವರ ಭಾಷಣಕ್ಕಿಂತ ಅದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಬರುವುದು ಮನೆಮಾತನ್ನು ತರಗತಿಯೊಳಗೆ ಬಿಟ್ಟುಕೊಳ್ಳುವ ಕೆಲಸ. ಇದರಲ್ಲಿ ಒಂದು ಹಳ್ಳ ಇದೆ, ನಾನು ಬಿದ್ದಿದ್ದೇನೆ. ಸ್ವಲ್ಪ ತೆಲುಗು ಕಲಿತ ಉಮೇದಿಯಲ್ಲಿ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿ ತೆಲುಗಿನಲ್ಲಿ ಹೇಳುತ್ತಿದ್ದೆ. ವಾರದೊಳಗೆ ಮಕ್ಕಳು ಕನ್ನಡ ಬಂದಾಗ ಕಿಟಕಿ ನೋಡುವುದು, ತೆಲುಗು ಬಂದಾಗ ನನ್ನ ಮುಖ ನೋಡುವುದು ಶುರುವಾಯಿತು. ಕಾದರೆ ಅರ್ಥ ಸಿಗುತ್ತದೆ ಅಂತ ಗೊತ್ತಾದ ಮೇಲೆ ಕನ್ನಡಕ್ಕೆ ಯಾರು ಕಿವಿ ಕೊಡುತ್ತಾರೆ?

ವೇಲ್ಸ್ ದೇಶದಲ್ಲಿ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣ ತಜ್ಞರು ಇದಕ್ಕೆ ಜಾಣ ಉಪಾಯ ಹೇಳಿದ್ದರು. ಒಂದು ಭಾಷೆಯಲ್ಲಿ ಓದಲಿ ಅಥವಾ ಕೇಳಲಿ, ಇನ್ನೊಂದರಲ್ಲಿ ಹೇಳಲಿ ಅಥವಾ ಬರೆಯಲಿ. ಅಲ್ಲಿ ವೆಲ್ಷ್ ಮತ್ತು ಇಂಗ್ಲಿಷ್. ನಮ್ಮಲ್ಲಿ ಹೀಗೆ ಮಾಡಬಹುದು: ಬೀಜ ಮೊಳಕೆಯೊಡೆಯುವ ಪಾಠ. ಒಂದೇ ಮನೆಮಾತಿನ ಮಕ್ಕಳು ಗುಂಪಾಗಿ ತಮ್ಮ ಮಾತಿನಲ್ಲೇ ಚರ್ಚೆ ಮಾಡಲಿ, ಹತ್ತು ನಿಮಿಷ. ಗದ್ದಲ ಆಗುತ್ತದೆ, ಆಗಲಿ. ಆಮೇಲೆ ಗುಂಪಿನ ಪರವಾಗಿ ಒಂದು ಮಗು ಕನ್ನಡದಲ್ಲಿ ಮೂರು ಸಾಲು ಹೇಳಬೇಕು. ಹೇಳಲು ಬೇಕಾಗುವ ‘ಮೊಳಕೆ’, ‘ತೇವ’, ‘ಯಾಕೆಂದರೆ’ ಹಲಗೆಯ ಮೇಲೆ ಇರಲಿ. ಯೋಚನೆ ಮನೆಮಾತಿನಲ್ಲಿ, ಒಪ್ಪಿಸುವುದು ಕನ್ನಡದಲ್ಲಿ. ಮೇಷ್ಟ್ರಿಗೆ ಲಂಬಾಣಿ ಬರದಿದ್ದರೂ ಇದು ನಡೆಯುತ್ತದೆ. ‘ಅವರು ಏನು ಮಾತಾಡ್ತಾರೋ ನಮಗೆ ಗೊತ್ತಾಗಲ್ಲ, ಬೈಯ್ತಿದ್ದರೆ?’ ಅಂತ ಒಬ್ಬ ಗೆಳೆಯ ಕೇಳಿದ. ಬೈದರೆ ಬೈಯಲಿ ಅಂದೆ. ಕನ್ನಡದಲ್ಲೂ ಬೈತಾರೆ.

ಇದೆಲ್ಲ ಬೇರೆ ಭಾಷೆಯ ಮಕ್ಕಳಿಗೆ ಮಾತ್ರ ಅಂತ ತಿಳಿಯಬೇಡಿ. ನಮ್ಮ ಕನ್ನಡದ ಮಗುವಿನ ಮನೆಯಲ್ಲಿ ಇರುವುದು ಉಳ್ಳಾಗಡ್ಡಿ, ಪುಸ್ತಕದಲ್ಲಿ ಈರುಳ್ಳಿ. ಮನೆಯಲ್ಲಿ ಶೇಂಗಾ, ಪುಸ್ತಕದಲ್ಲಿ ಕಡಲೆಕಾಯಿ. ‘ಮಾಡಾಕತ್ತೀನಿ’ ಅನ್ನುವ ಮಗು ‘ಮಾಡುತ್ತಿದ್ದೇನೆ’ ಅಂತ ಬರೆಯಬೇಕು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಶಿಕ್ಷಕರಿಗೆ ನಮ್ಮ ಕನ್ನಡವೇ ಅರ್ಥವಾಗದ ದಿನಗಳೂ ಇರುತ್ತವೆ. ಇನ್ನು ದ್ಯುತಿಸಂಶ್ಲೇಷಣೆಯ ಮುಂದೆ ಎಲ್ಲ ಜಾತಿ ಎಲ್ಲ ಭಾಷೆಯ ಮಕ್ಕಳೂ ಸಮಾನರು.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಹೊಸ ಭಾಷೆಗೆ ಬಂದ ಮಗು ಕೆಲವು ತಿಂಗಳು ಬಾಯಿ ಬಿಡದೆ ಇರಬಹುದು. ಅದು ಕೇಳಿಸಿಕೊಳ್ಳುವ ಕಾಲ. ಅದನ್ನು ಬುದ್ಧಿಮಾಂದ್ಯ ಅಂತ ಬರೆದುಬಿಟ್ಟರೆ ಅನ್ಯಾಯ. ಹಾಗಂತ ನಿಜವಾದ ತೊಂದರೆಯನ್ನು ‘ಭಾಷೆ ಬರಲ್ಲ’ ಅಂತ ತಳ್ಳಿಹಾಕಿದರೂ ಅನ್ಯಾಯವೇ. ಬೇರ್ಪಡಿಸಲು ಮನೆಗೆ ಹೋಗಬೇಕು. ‘ಮನೇಲಿ ಮಾತಾಡ್ತಾಳೇನವ್ವಾ?’ ಅಂತ ಕೇಳಬೇಕು. ‘ಅಯ್ಯೋ, ಬಾಯಿ ಮುಚ್ಚೋದೇ ಇಲ್ಲ ಸರ್’ ಅಂದರೆ ಕಾಯಬಹುದು. ಮನೆಮಾತಿನಲ್ಲೂ ಮಾತು ತಡವಾಗಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಮೊದಲು ಕಿವಿ ತೋರಿಸಬೇಕು.

ಮಸ್ಕಿಯ ಬಂಡೆಯ ಮೇಲೆ ಅಶೋಕ ಶಾಸನ ಬರೆಸಿದ್ದು ಪ್ರಾಕೃತದಲ್ಲಿ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಅದೇ. ಊರಿನವರ ಮಾತು ಅದಾಗಿರಲಿಕ್ಕಿಲ್ಲ. ಯಾರೋ ಒಬ್ಬರು ಬಂಡೆಯ ಪಕ್ಕ ನಿಂತು ಓದಿ, ಜನರ ಮಾತಿನಲ್ಲಿ ತಿಳಿಸಿ ಹೇಳಿರಬೇಕು. ನಮ್ಮ ವೃತ್ತಿಯ ಹಿರೀಕರು ಅವರೇ ಇರಬಹುದು ಅಂತ ನಾನು ಆಗಾಗ ಅಂದುಕೊಳ್ಳುತ್ತೇನೆ. ಅವರಿಗೆ ಯಾವ ತರಬೇತಿ ಕೊಟ್ಟಿದ್ದರೋ.

‘ಅಕ್ಕ ಬಂತು’ ಹುಡುಗನ ವಿಷಯ ಅರ್ಧಕ್ಕೆ ನಿಂತಿತು. ಎರಡು ವರ್ಷದ ಮೇಲೆ, ಅವನು ಐದನೇ ತರಗತಿಯಲ್ಲಿದ್ದಾಗ, ಹಲಗೆಯ ಮೇಲೆ ಎರಡು ಸಾಲು ಮಾಡಿದೆ. ಎಡಕ್ಕೆ ತೆಲುಗಿನ ಎರಡು ಗೂಡು, ಬಲಕ್ಕೆ ಕನ್ನಡದ ಮೂರು. ಬಸ್ಸು, ತಮ್ಮ, ಅಕ್ಕ ಎಲ್ಲಿ ಕೂರುತ್ತಾರೆ ಅಂತ ಮಕ್ಕಳೇ ಬಂದು ಬರೆದರು. ಅವನು ಅಕ್ಕನನ್ನು ಬಸ್ಸಿನ ಗೂಡಿನಿಂದ ಎತ್ತಿ ಹೊಸ ಗೂಡಿಗೆ ಇಟ್ಟು, ತಿರುಗಿ ನೋಡಿ ನಕ್ಕ. ನಾನೂ ಉಮೇದಿಯಲ್ಲಿ, ನೋಡಿ ನನಗೂ ತೆಲುಗು ಬರುತ್ತೆ ಅಂತ, ‘ಅಕ್ಕ ವಚ್ಚಾಡು’ ಅಂದೆ.

ತರಗತಿ ಗೊಳ್ಳೆಂದಿತು. ಹುಡುಗ ಮಾತ್ರ ನಗಲಿಲ್ಲ. ‘ವಚ್ಚಾಡು ಅಲ್ಲ ಸರ್, ವಚ್ಚಿಂದಿ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಹತ್ತು ಸಲ ಬರೀತೀರಾ ಸರ್?’ ಅಂದ.